ಚಮಚೆಯಲ್ಲಿ ದಾಟಿದ ಮರಿಗಳು

ಅವನು ಆ ನೀರನ್ನು ಚರಂಡಿಗೆ ಸುರಿದ!

ಅನುಸೂಯಾ ರೆಪ್ಪೆ ಬಡಿಯದೆ ನೋಡುತ್ತ ನಿಂತಳು. ಬುಕ್ಕಸಾಗರದಿಂದ ಹೊಸಪೇಟೆಯವರೆಗೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಚೀಲದ ನೀರು ಅದು. ಒಳಗಿದ್ದವು ಹತ್ತು ಕೆಂಪು ಫೈಟರ್ ಮೀನು. ಅವಳೇ ಮೊಟ್ಟೆಯಿಡಿಸಿ, ಮರಿ ಸಾಕಿ, ಮೊದಲ ಸಲ ಬಣ್ಣದ ಮೀನಿನ ಅಂಗಡಿಗೆ ಕೊಡಲು ತಂದವು.

ಬರುತ್ತಿದ್ದಂತೆಯೇ ಅಂಗಡಿಯ ಅಚ್ಯುತ ಹೆಸರೇನು, ಯಾವೂರು, ಯಾವ ಓಣಿ ಎಂದು ಕೇಳಿದ್ದ. ಬುದ್ಧ ವಿಹಾರದ ಓಣಿ ಎಂದು ಅವಳು ತಲೆಯೆತ್ತಿಯೇ ಹೇಳಿದ್ದಳು. ಅದಾದ ಮೇಲೆ ಅವನು ಚೀಲವನ್ನು ಬೆಳಕಿಗೆ ಹಿಡಿದ. ಬೆರಳಿನಿಂದ ಒಮ್ಮೆ ತಟ್ಟಿದ. ಮುಖ ಬಿಗಿಯಿತು. ಮೀನುಗಳನ್ನು ಬಲೆಯಲ್ಲಿ ಎತ್ತಿ ಬೇರೆ ಬಕೆಟ್ಟಿಗೆ ಬಿಟ್ಟ, ನೀರು ಚೆಲ್ಲಿದ, ಉಪ್ಪು ಹಚ್ಚಿ ಮೊಣಕೈವರೆಗೂ ತಿಕ್ಕಿ ತಿಕ್ಕಿ ಕೈ ತೊಳೆದ.

ಅಂಗಡಿಯಲ್ಲಿದ್ದ ನಾಲ್ಕು ಜನ ನೋಡಿದರು.

'ನಾನು ಮುಟ್ಟಿದ ನೀರು…'

ಚಿಕ್ಕವಳಿದ್ದಾಗ ಕಂಡದ್ದು ಅವಳ ಕಣ್ಣೆದುರು ಬಂತು. ಭತ್ತದ ನಾಟಿಗೆ ಹೋದ ಅವ್ವ ಬದುವಿನ ಮೇಲೆ ಬಗ್ಗಿ ಬೊಗಸೆಯೊಡ್ಡಿದ್ದಳು; ಯಾರೋ ಮೇಲಿನಿಂದ, ತಾಗದ ಹಾಗೆ, ನೀರು ಸುರಿದಿದ್ದರು. ಅಂಥ ಬೊಗಸೆ ತಾನು ಒಡ್ಡಬಾರದೆಂದೇ ಅವಳು ಬಿ.ಎಸ್‌ಸಿ ಓದಿದ್ದು, ಮನೆಯ ಮುಂದೆ ಮೀನಿನ ತೊಟ್ಟಿ ಕಟ್ಟಿಸಿದ್ದು.

"ನನ್ನ ಮೀನು ನನಗ ಕೊಡ್ರಿ," ಎಂದಳು.

ಅವನು ಹೊಸ ನೀರಿನಲ್ಲಿ ಮೀನು ತುಂಬಿ ಕೊಟ್ಟ. ಏನೋ ಹೇಳಲು ಬಾಯಿ ತೆರೆದವನು ಸುತ್ತ ನಿಂತವರನ್ನು ನೋಡಿ ಸುಮ್ಮನಾದ. ಅವಳು ತಿರುಗಿ ನೋಡದೆ ಮೆಟ್ಟಿಲಿಳಿದಳು.

ತುಂಗಭದ್ರೆ ಯಾರ ಓಣಿ ಎಂದು ಕೇಳಿ ಹರಿಯುವವಳಲ್ಲ. ಕೇಳುವವರು ಮನುಷ್ಯರು… ಅವರ ಮನಸ್ಸಿನ ಮಾತು ಆ ತಾಯಿಗೇ ಗೊತ್ತು.

ಮನೆಯಲ್ಲಿ ಇನ್ನೊಂದು ಸಂಕಟ ಕಾದಿತ್ತು. ಗಾಜಿನ ತೊಟ್ಟಿಯಲ್ಲಿ ಎರಡನೆಯ ಸಲದ ಮರಿಗಳಿದ್ದವು, ಕಣ್ಣರೆಪ್ಪೆಯ ಕೂದಲಿನಷ್ಟು ಸಣ್ಣವು. ವಾರದ ಹಿಂದೆ ಇನ್ನೂರರ ಮೇಲಿದ್ದವು ಈಗ ಅರ್ಧವೂ ಇರಲಿಲ್ಲ. ಇವೂ ಸತ್ತರೆ ಮುಂದಿನ ನಾಟಿಗೆ ತನ್ನ ಜೊತೆ ಗದ್ದೆಗೆ ಬರಬೇಕೆಂದು ಅವ್ವ ಬಸಕ್ಕ ಮೊದಲೇ ಹೇಳಿದ್ದಳು.

"ಬರಂಗಿಲ್ಲವ್ವ. ಇವನ್ನ ಉಳಿಸ್ತೀನಿ," ಎಂದು ಅನುಸೂಯಾ ಭೂತಗನ್ನಡಿ ಹಿಡಿದು ತೊಟ್ಟಿಯ ಮುಂದೆ ಕುಂತಳು.

ಗಾಜಿಗೆ ಅಲ್ಲಲ್ಲಿ ಬೆಳ್ಳನೆಯ ನೂಲಿನ ಎಳೆಗಳು ಅಂಟಿದ್ದವು. ಪಾಚಿಯೆಂದುಕೊಂಡು ನಾಲ್ಕು ದಿನದ ಹಿಂದೆ ಬ್ಲೇಡಿನಿಂದ ಕೆರೆದಿದ್ದಳು. ಈಗ ಮೊದಲಿಗಿಂತ ಹೆಚ್ಚಾಗಿದ್ದವು! ಒಂದೊಂದು ಎಳೆಯ ತುದಿಯಲ್ಲೂ ಐದಾರು ಸಣ್ಣ ಕೈ. ಅದರಲ್ಲೊಂದು ಕೈಗೆ ಮರಿಯೊಂದು ತಾಗಿತು, ಒದ್ದಾಡಿತು, ಸುಮ್ಮನಾಯಿತು. ಅವಳು ಗಾಜು ತಟ್ಟಿದಳು. ಎಳೆಗಳೆಲ್ಲ ಕುಗ್ಗಿ ಚುಕ್ಕಿಯಾದವು.

ಹೈಡ್ರಾ…

ಪರೀಕ್ಷೆಯಲ್ಲಿ ಅಂಗೈಯಗಲ ಚಿತ್ರ ಬರೆದು ಪೂರ್ತಿ ಅಂಕ ತೆಗೆದುಕೊಂಡವಳು, ಕಣ್ಣೆದುರು ಕೂದಲೆಳೆಯಷ್ಟಿದ್ದಾಗ ಗುರುತು ಹಿಡಿದಿರಲಿಲ್ಲ. ತುಂಡು ಮಾಡಿದರೆ ಒಂದೊಂದು ತುಂಡೂ ಬೆಳೆದು ಮತ್ತೊಂದು ಹೈಡ್ರಾ ಆಗುತ್ತದೆಂದು ತಾನೇ ಬರೆದಿದ್ದಳಲ್ಲ! ಮರಿಗಳಿಗೆಂದು ಕಾಲುವೆಯಿಂದ ಬಟ್ಟೆಯಲ್ಲಿ ಸೋಸಿ ತರುತ್ತಿದ್ದ ನೀರುಹುಳುಗಳ ಜೊತೆಯಲ್ಲೇ ಇವೂ ಬಂದಿದ್ದವು.

ಆಗ ಚೀಲ ತಟ್ಟಿದ ಅಚ್ಯುತನ ಬೆರಳು ನೆನಪಾಯಿತು; ಅವನೂ ಇದನ್ನೇ ಕಂಡಿದ್ದ.

'ಗೊತ್ತಿದ್ದೂ ಯಾಕೆ ಹೇಳಲಿಲ್ಲ?' ಸಿಟ್ಟು ಇಳಿಯಲಿಲ್ಲ.

ಮರುದಿನ ಮಧ್ಯಾಹ್ನ ಅವನೇ ಬಂದ. ಕೈಯಲ್ಲೊಂದು ಚೀಲ, ಅದರೊಳಗೆ ಬೂದು ಬಣ್ಣದ ದೊಡ್ಡ ಗೌರಾಮಿ ಮೀನು. ಬಸಕ್ಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕೈ ತೊಳೆಯಲು ಉಪ್ಪು ತಂದುಕೊಡಲೇ ಎಂದು ಕೇಳಿದಳು. ಅವನು ತಲೆ ತಗ್ಗಿಸಿದ.

"ನಿಮ್ಮ ಚೀಲದಾಗ ಹೈಡ್ರಾ ಇತ್ರಿ. ನನ್ನ ತೊಟ್ಟಿಗೂ ಹತ್ತಬಾರದಂತ ಉಪ್ಪು ಹಚ್ಚಿ ತೊಳ್ಕೊಂಡೆ," ಎಂದ ಅಚ್ಯುತ. "ನಾಲ್ಕು ಮಂದಿ ಮುಂದ ಬಾಯಿ ಬಿಟ್ಟಿದ್ರ, ಅನುಸೂಯಾ ಅವರ ಮೀನಿಗೆ ಪೀಡೆ ಅದ ಅಂತ ಊರೆಲ್ಲ ಸುದ್ದಿ ಆಗ್ತಿತ್ತು. ಮತ್ತ ಯಾರೂ ತಗೊಂತಿದ್ದಿಲ್ಲ. ಅದಕ್ಕ ಸುಮ್ಮನಿದ್ದೆ."

"ನನ್ನ ಮೀನಿಗೆ ಪೀಡೆ ಅಂದಿದ್ರ ತಡ್ಕೊಂತಿದ್ದೆ. ನಾನೇ ಪೀಡೆ ಅನ್ನೋ ಹಂಗ ಕೈ ತೊಳ್ಕೊಂಡ್ರಲ್ಲ… ಅದನ್ನ ಹೆಂಗ ತಡ್ಕೊಳ್ಳಿ?"

ಅವನ ಕಣ್ಣು ತುಂಬಿದ್ದನ್ನು ಅವಳು ಕಂಡಳು, ಕಂಡರೂ ಕರಗಲಿಲ್ಲ.

"ತಪ್ಪಾತ್ರಿ," ಎಂದ. "ಓಣಿ ಹೆಸರು ಕೇಳಿದ ಮ್ಯಾಲೆ ಹಂಗ ಮಾಡಿದ್ರ ನಿಮಗ ಏನು ಅನಿಸ್ತದ ಅಂತ ನನಗ ಹೊಳೀಲೇ ಇಲ್ಲ. ಹೊಳೀದಂಗ ಬೆಳೆದೀನಿ ನಾನು. ಅದೇ ನನ್ನ ತಪ್ಪು."

ಇಂಥ ಮಾತನ್ನು ಅವಳು ಯಾರ ಬಾಯಲ್ಲೂ ಕೇಳಿರಲಿಲ್ಲ. ನೆಪ ಹೇಳುವವರು ನೂರು ಜನ… ಇವನು ನೆಪ ಹೇಳಲಿಲ್ಲ.

"ಕುಂದ್ರಿ," ಎಂದಳು.

ಮರಿಗಳಿರುವ ತೊಟ್ಟಿಗೆ ಗೌರಾಮಿ ಬಿಟ್ಟರೆ ಹೈಡ್ರಾದ ಜೊತೆ ಮರಿಗಳನ್ನೂ ನುಂಗುತ್ತದೆ, ಮೊದಲು ಮರಿಗಳನ್ನು ಚಮಚೆಯಲ್ಲಿ ಎತ್ತಿ ಬೇರೆ ನೀರಿಗೆ ದಾಟಿಸಬೇಕು ಎಂದ ಅವನು. ತಾನು ಮಾಡಿಕೊಡುತ್ತೇನೆಂದು ಮುಂದೆ ಬಂದಾಗ ಅವಳು ಚಮಚೆ ಕೊಡಲಿಲ್ಲ. ಒಂದೊಂದು ಮರಿಯನ್ನೂ ಅವಳೇ ಎತ್ತಿದಳು. ಬಿಳಿ ತಟ್ಟೆಗೆ ಬಿಟ್ಟು, ಹೈಡ್ರಾದ ಚೂರು ಅಂಟಿ ಬಂದಿಲ್ಲವೆಂದು ಭೂತಗನ್ನಡಿಯಲ್ಲಿ ನೋಡಿ, ಹೊಸ ನೀರಿಗೆ ದಾಟಿಸಿದಳು. ಅವನಿಗೆ ಸಿಕ್ಕ ಕೆಲಸ ತಟ್ಟೆ ತೊಳೆಯುವುದು. ಬಿಸಿಲು ಇಳಿಯುವಷ್ಟರಲ್ಲಿ ಅವಳ ಬೆನ್ನು ಸೆಟೆದಿತ್ತು. ಎಪ್ಪತ್ತಾರು ಮರಿ ದಾಟಿದ್ದವು.

ಆಮೇಲೆ ಗೌರಾಮಿ ಗಾಜನ್ನೆಲ್ಲ ಸವರಿಕೊಂಡು ಮೇಯಿತು. ಹೊರಗಿನ ಸಿಮೆಂಟ್ ತೊಟ್ಟಿಗಳನ್ನು ಖಾಲಿ ಮಾಡಿ ಬಳ್ಳಾರಿ ಸೀಮೆಯ ಬಿಸಿಲಿಗೆ ಬಿಟ್ಟರು. ಕಾಲುವೆಯ ಹುಳು ತರುವುದನ್ನು ಅವಳು ನಿಲ್ಲಿಸಿದಳು. ಪ್ರತಿ ದಿನ ಬೆಳಿಗ್ಗೆ ಭೂತಗನ್ನಡಿ ಹಿಡಿದು ನಾಲ್ಕೂ ಗಾಜು ನೋಡಿದಳು. ಹದಿನೇಳನೆಯ ದಿನದ ನಂತರ ಒಂದು ಎಳೆಯೂ ಕಾಣಲಿಲ್ಲ.

ಭಾನುವಾರಕ್ಕೊಮ್ಮೆ ಅಚ್ಯುತ ಬರುತ್ತಿದ್ದ. ಮರಿಗಳಿಗೆ ಬಣ್ಣ ಬಂತು. ಅವನ ಬೈಕಿನ ಸದ್ದಿಗೆ ಅನುಸೂಯಾಳ ಎದೆಯಲ್ಲಿ ಏನೋ ಮಿಸುಕತೊಡಗಿತು… ಈಗ ಮೀನಿಗಿಂತ ಹೆಚ್ಚು ಯಾರ ಕಾಳಜಿ ಮಾಡುತ್ತಿದ್ದೀಯೆಂದು ಬಸಕ್ಕ ಕಿಚಾಯಿಸಿದಳು.

ಒಂದು ಭಾನುವಾರ ಅವನೇ ಹೇಳಿಬಿಟ್ಟ. "ಮೀನು ನೆಪ್ರಿ. ನಾನು ಬರೋದು ನಿಮ್ಮನ್ನ ನೋಡಾಕ."

ಅವಳ ಮುಖ ಅರಳಿತು. ಆದರೂ ಮಾತು ಗಟ್ಟಿಯಾಗಿಯೇ ಬಂತು.

"ನಿಮ್ಮ ಮನಿಯಾಗ ನನ್ನ ಹೆಸರು ಹೇಳ್ರಿ. ಓಣಿ ಹೆಸರೂ ಹೇಳ್ರಿ. ಹೇಳಿದ ಮ್ಯಾಲೆ ಬರ್ರಿ. ಕದ್ದು ಮುಚ್ಚಿ ಪ್ರೀತಿ ಮಾಡೋದು ನನಗ ಬ್ಯಾಡ."

ಅವನು ತಲೆಯಾಡಿಸಿ ಹೋದ.

ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಅನುಸೂಯಾ ಅಳಲಿಲ್ಲವೆಂದರೆ ಸುಳ್ಳಾದೀತು. ಆದರೆ ಫೋನ್ ಮಾಡಲಿಲ್ಲ. ದೊಡ್ಡವಾದ ಮೀನುಗಳನ್ನು ತಾನೇ ಕಂಪ್ಲಿಗೆ ಒಯ್ದು ಮಾರಿ ಬಂದಳು.

ಮೂರನೆಯ ಭಾನುವಾರ ಬೈಕು ನಿಂತಿತು. ಅವನು ಸೊರಗಿದ್ದ.

"ಹೇಳಿದೆ. ಅಮ್ಮ ಹತ್ತು ದಿನ ನನ್ನ ಜೋಡಿ ಮಾತಾಡ್ಲಿಲ್ಲ. ದೇವರ ಮನ್ಯಾಗ ರಾಯರ ಮುಂದ ಕುಂತು ಭಾಳ ಅತ್ತರು. ನಾನೂ ಅಲ್ಲೇ ಕುಂತೆ, ಏಳಲಿಲ್ಲ. ಇವತ್ತು ಕೇಳಿದ್ರು, ಆ ಹುಡುಗಿ ಈ ಬಿಸಿಲಾಗ ಬಸ್ಸಿಗೇ ಓಡಾಡ್ತಾಳೇನು ಅಂತ."

"ನೀವೇನಂದ್ರಿ?"

"ಹೌದು ಅಂದೆ. ಹಂಗಾದ್ರ ನೀನೇ ಕರ್ಕೊಂಡು ಬಾ, ಊಟದ ಹೊತ್ತಿಗೆ ಅಂದ್ರು."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಬರ್ತೀನಿ. ಆದ್ರ ಹಿತ್ತಲ ಬಾಗಿಲಿಂದ ಬರಂಗಿಲ್ಲ."

"ನಮ್ದು ಡ್ಯಾಂ ಕ್ವಾಟರ್ಸ್ ಮನೀರಿ. ಇರೋದೇ ಒಂದು ಬಾಗಿಲು," ಎಂದು ಅವನು ಅಂದು ಮೊದಲ ಸಲ ನಕ್ಕ. "ಮೊದಲು ನೀವು ಕಾಲಿಡ್ರಿ. ನಿಮ್ಮ ಹಿಂದ ನಾನು."