ಕಾಣೆಯಾದ ಹದಿಮೂರು ನಿಮಿಷ

ಬುಧವಾರ ಬೆಳಿಗ್ಗೆ ಎಂಟೂವರೆ. ಪೈನ್ ಹಾರ್ಬರ್ ಆಂಬುಲೆನ್ಸ್ ಕೇಂದ್ರದ ಪರದೆಗಳು ತೆವಳತೊಡಗಿದವು. ಕರೆ ಮಾಡಿದವರ ಹಳೆಯ ದಾಖಲೆ ಕಣ್ಣು ಮಿಟುಕಿಸುವಷ್ಟರಲ್ಲಿ ಮೂಡಬೇಕು. ಇಂದು ನಲವತ್ತು ಸೆಕೆಂಡ್ ಹಿಡಿಯುತ್ತಿತ್ತು.

ಅದೇ ಹೊತ್ತಿಗೆ, ಮರಣ ವಿಚಾರಣೆಗೆಂದು ಬಂದಿದ್ದ ಅಧಿಕಾರಿ ಇನೆಜ್ ಫಾರ್ಕರ್ ಪ್ರತಿ ಕರೆಯ ವಿವರ ಸಾಲು ಸಾಲಾಗಿ ದಾಖಲಾಗುವ ಕಂಪ್ಯೂಟರ್ ಪಟ್ಟಿ, ಅಂದರೆ ಕರೆಗಳ ಟೇಬಲ್ ತೆರೆಯಲು ಹೋದರು. ‘ಅನುಮತಿ ಇಲ್ಲ’ ಎಂದಿತು ಪರದೆ.

"ನಿನ್ನೆ ಸಂಜೆ ತೆರೆದುಕೊಂಡಿತ್ತಲ್ಲ! ಓದೋದು ಇವತ್ತಿಗಿರಲಿ ಅಂತ ಮುಚ್ಚಿಟ್ಟೆ."

ಡೇಟಾಬೇಸ್ ನೋಡಿಕೊಳ್ಳುವ ಮಾರ್ಲಿಸ್ ಕೊವಾಲ್ಚುಕ್ ಕಾಫಿ ಲೋಟ ಕೆಳಗಿಟ್ಟಳು. ಇನೆಜ್‌ಗೆ ಸೋಮವಾರ ಅನುಮತಿ ಕೊಟ್ಟವಳು ಅವಳೇ.

ವಿಚಾರಣೆ ಸರೋವರದಾಚೆಯ ಮುದುಕಿಯೊಬ್ಬಳ ಸಾವಿನದು. ಆಂಬುಲೆನ್ಸ್ ತಡವಾಗಿ ಹೊರಟಿತ್ತು. ಆ ಕರೆ ತೆಗೆದುಕೊಂಡಿದ್ದ ಟೋವ ಲಹ್ತಿನೆನ್‌ಳನ್ನು ಮೂರು ವಾರದಿಂದ ಕೆಲಸದಿಂದ ದೂರ ಇಟ್ಟಿದ್ದರು. ಮಧ್ಯಾಹ್ನ ಅವಳ ಹೇಳಿಕೆ ಇತ್ತು.

"ರಾತ್ರಿ ಹೊಸ ಸಾಫ್ಟ್‌ವೇರ್ ಹಾಕಿದ್ರಲ್ಲ, ಅದರದೇ ಕಿತಾಪತಿ," ಎಂದರು ನಿರ್ದೇಶಕ ಗಾರ್ಡ್ ಬ್ರಿಸ್ಬಾಯ್. "ಅದನ್ನ ಕಿತ್ತು ಹಳೇದನ್ನೇ ಹಾಕಿಬಿಡು."

ಮಾರ್ಲಿಸ್ ಕಿತ್ತಳು. ಏನೂ ಬದಲಾಗಲಿಲ್ಲ.

* * *

ಟೇಬಲ್‌ಗೆ ಇಂಡೆಕ್ಸ್ ಇರಲಿಲ್ಲ. ಪುಸ್ತಕದ ಹಿಂದಿನ ಪದಸೂಚಿ ಹರಿದು ಹೋದರೆ ಒಂದೊಂದೇ ಪುಟ ತಿರುವಬೇಕಲ್ಲ, ಯಂತ್ರ ಹಾಗೆ ತಿರುವುತ್ತಿತ್ತು. ಇನೆಜ್‌ಗೆ ಕೊಟ್ಟ ಅನುಮತಿಯೂ ಇರಲಿಲ್ಲ. ಯಾರು ಏನು ತಿದ್ದಿದರು ಎಂದು ಬರೆದಿಡುವ ಕಾವಲು ವ್ಯವಸ್ಥೆಯೂ ಇಲ್ಲ.

ಒಂದು ಹೋಗಿದ್ದರೆ ಅಚಾತುರ್ಯ. ಮೂರೂ ಒಟ್ಟಿಗೆ?

ಟೇಬಲ್ ಹುಟ್ಟಿದ ಸಮಯ ನೋಡಿದಳು. ಇಂದು ಬೆಳಿಗ್ಗೆ ೮:೧೦. ಅದನ್ನು ಮಾಡಿದ್ದು ಓರ್ವಿಲ್ ಪೆಲ್ಕಿಯ ಖಾತೆಯಿಂದ. ಡೇಟಾಬೇಸ್ ಕೆಲಸದಿಂದ ಎರಡು ವರ್ಷದ ಹಿಂದೆ ನಿವೃತ್ತನಾದವನು.

ಫೋನ್ ಹಚ್ಚಿದಳು.

"ನಾನಾ? ಬೆಳಗಿಂದ ದೋಣಿಗೆ ಬಣ್ಣ ಹೊಡೀತಾ ಕೂತಿದೀನಿ ಮಾರಾಯ್ತಿ," ಎಂದ ಓರ್ವಿಲ್. "ನನ್ನ ಖಾತೆ ಇನ್ನೂ ಮುಚ್ಚಿಲ್ವಾ? ನಾಚಿಕೆ ಆಗಬೇಕು ನಿನಗೆ."

"ಆಗ್ತಿದೆ. ಪಾಸ್‌ವರ್ಡ್ ಯಾರಿಗೆ ಕೊಟ್ಟಿದ್ದೆ?"

"ಲಕೋಟೆಗೆ ಹಾಕಿ, ಅಂಟಿಸಿ, ಒಬ್ಬರ ಕೈಗೆ ಕೊಟ್ಟೆ."

ಅವನು ಹೆಸರು ಹೇಳಿದ. ಮಾರ್ಲಿಸ್ ಬರೆದುಕೊಳ್ಳಲಿಲ್ಲ. ಮೊದಲು ನಿನ್ನೆ ರಾತ್ರಿಯ ಬ್ಯಾಕಪ್ ತೆಗೆದು ಎರಡು ಟೇಬಲ್‌ಗಳನ್ನೂ ಸಾಲು ಸಾಲಾಗಿ ಹೋಲಿಸಿದಳು. ಲಕ್ಷಾಂತರ ಸಾಲು. ರಾತ್ರಿಯಿಂದೀಚೆ ಬಂದ ಕರೆಗಳನ್ನು ಬಿಟ್ಟರೆ ಒಂದೇ ಒಂದು ಬೇರೆ ಇತ್ತು.

* * *

ಹನ್ನೊಂದಕ್ಕೆ ಎಲ್ಲರೂ ಸಭೆಯ ಕೋಣೆಯಲ್ಲಿ ಸೇರಿದರು. ಹೇಳಿಕೆಗೆಂದು ಬೇಗನೆ ಬಂದಿದ್ದ ಟೋವ ಕೋಟು ಬಿಚ್ಚದೆ ಬಾಗಿಲ ಬಳಿ ಕೂತಿದ್ದಳು.

"ಟೇಬಲ್ ಕೆಟ್ಟಿಲ್ಲ," ಎಂದಳು ಮಾರ್ಲಿಸ್. "ಇದು ಆ ಟೇಬಲ್ಲೇ ಅಲ್ಲ. ಸಾಲುಗಳನ್ನ ಹೊಸ ಟೇಬಲ್‌ಗೆ ನಕಲು ಮಾಡಿ, ಹಳೇದನ್ನ ಅಳಿಸಿ, ಇದಕ್ಕೆ ಅದರ ಹೆಸರಿಟ್ಟಿದಾರೆ. ಹಾಗೆ ಮಾಡಿದರೆ ಸಾಲುಗಳು ಮಾತ್ರ ಬರ್ತವೆ. ಇಂಡೆಕ್ಸ್, ಅನುಮತಿ, ಕಾವಲು ಯಾವುದೂ ಬರಲ್ಲ."

"ಅಷ್ಟು ಕಷ್ಟ ಯಾಕೆ?" ಇನೆಜ್ ಕೇಳಿದರು.

"ಮೂಲದಲ್ಲಿ ತಿದ್ದಿದ್ದರೆ ಕಾವಲು ಬರೆದಿಟ್ಟುಕೊಳ್ತಿತ್ತು. ಅದು ಗೊತ್ತಿದ್ದವರ ಕೆಲಸ. ಕರೆ ತೆಗೆದುಕೊಳ್ಳೋರಿಗೆ ಮಾತ್ರ ಅನುಮತಿ ಮತ್ತೆ ಕೊಟ್ಟರು, ಇಲ್ಲದಿದ್ರೆ ಕೇಂದ್ರವೇ ನಿಲ್ತಿತ್ತು. ನಿಮ್ಮದು ಸೋಮವಾರ ಕೊಟ್ಟಿದ್ದು. ಅವರಿಗೆ ಅದು ಗೊತ್ತಿರಲಿಲ್ಲ."

"ಓರ್ವಿಲ್ ಖಾತೆ ಅಂದ್ಯಲ್ಲ," ಗಾರ್ಡ್ ನಕ್ಕರು. "ಅವನನ್ನೇ ಕೇಳು."

"ನಾನು ಖಾತೆ ಯಾರದು ಅಂತ ಇನ್ನೂ ಹೇಳೇ ಇಲ್ಲ, ಗಾರ್ಡ್."

ಅವರ ನಗು ನಿಂತಿತು.

"ಲಕೋಟೆ ನಿಮ್ಮ ಕೈಲಿತ್ತು. ೮:೧೦ಕ್ಕೆ ಲಾಗಿನ್ ಆಗಿದ್ದು ನಿಮ್ಮ ಕೋಣೆಯ ಯಂತ್ರದಿಂದ. ನಿರ್ದೇಶಕರಾಗೋ ಮುಂಚೆ ಈ ಟೇಬಲ್ ನೋಡಿಕೊಳ್ತಿದ್ದವರೂ ನೀವೇ."

ಮಾರ್ಲಿಸ್ ಎರಡು ಹಾಳೆ ಮುಂದಿಟ್ಟಳು, ಒಂದು ಬ್ಯಾಕಪ್‌ನಲ್ಲಿದ್ದ ಮೂಲ ಸಾಲು, ಇನ್ನೊಂದು ನಕಲಿನದು. ಮೂಲದ ಪ್ರಕಾರ, ಮುದುಕಿಯ ಕರೆ ಬಂದಾಗ ಹತ್ತಿರದ ಆಂಬುಲೆನ್ಸ್ ಹೊಸ ಕ್ರೀಡಾಂಗಣದ ಉದ್ಘಾಟನೆಯಲ್ಲಿ ನಿಂತಿತ್ತು. ಅದನ್ನು ಬಿಡಿಸಲು ಗಾರ್ಡ್ ಒಪ್ಪಿಗೆ ಬೇಕಿತ್ತು. ಫೋಟೋ ಮುಗಿಯಲಿ ಎಂದು ಅವರು ೯:೧೮ರವರೆಗೆ ತಡೆದಿದ್ದರು. ನಕಲಿನಲ್ಲಿ ಆ ತಡ ಟೋವಳ ತಲೆಗೆ ಬಂದಿತ್ತು. ಅವಳು ೯:೧೮ರವರೆಗೆ ಕರೆ ಹಿಡಿದಿಟ್ಟುಕೊಂಡಿದ್ದಳು ಎಂಬಂತೆ.

"ಐದೇ ನಿಮಿಷ ಅಂದ್ಕೊಂಡಿದ್ದೆ," ಎಂದರು ಗಾರ್ಡ್, ಮೇಜು ನೋಡುತ್ತ.

ಇನೆಜ್ ಫೋನ್ ತೆಗೆದು ಪೊಲೀಸರನ್ನು ಕರೆದರು.

ಟೋವ ಎದ್ದು ಬಂದಳು. "ತಕ್ಷಣ ಕಳಿಸಿದೆ ಅಂತಲೇ ನೆನಪಿತ್ತು. ದಾಖಲೆ ಯಾರೂ ತೆರೆದು ನೋಡಲಿಲ್ಲ, ಗಾರ್ಡ್ ಮಾತು ನಂಬಿ ಎಲ್ಲರೂ ಇಲ್ಲ ಅಂದ್ರು. ಆಮೇಲೆ ನನಗೇ ಅನುಮಾನ ಬಂತು... ಮೂಲದಲ್ಲಿ ಏನಿದೆ?"

"ಕರೆ ಬಂದಿದ್ದು ೯:೦೪. ನೀನು ಮುಂದೆ ಕಳಿಸಿದ್ದು ೯:೦೫."

ಟೋವ ಕುರ್ಚಿ ಎಳೆದುಕೊಂಡು ಕೂತಳು.

"ಇನ್ನೊಂದು ಸಲ ಓದ್ತೀರಾ?"

ಮಾರ್ಲಿಸ್ ಓದಿದಳು.