ಹಿಪ್ಪುನೇರಳೆಯ ನೀಲಿ ಬೆಳಕು

“ಕಣ್ಣು ಕೆಡಿಸ್ಕೋಬೇಡಿ ಸರ್, ಮೊದಲು ಈ ಕನ್ನಡಕ ಹಾಕ್ಕೊಳ್ಳಿ.”

ರಂಜಿತ ಚಾಚಿದ ದಪ್ಪ ಕನ್ನಡಕವನ್ನು ಗಂಗಾಧರ ವಿಧೇಯನಾಗಿ ಧರಿಸಿದನು. ಮುಳಬಾಗಿಲಿನ ಆ ಕಾಲೇಜಿನಲ್ಲಿ ಅವನು ಕನ್ನಡದ ಉಪನ್ಯಾಸಕ. ಅವಳು ರಸಾಯನಶಾಸ್ತ್ರದ ಉಪನ್ಯಾಸಕಿ. ಮಧ್ಯಾಹ್ನದ ಬಿಡುವಿನಲ್ಲಿ ಅವನೊಂದು ಹಳಗನ್ನಡ ಪದ್ಯವನ್ನು ಬಿಡಿಸಿ ಹೇಳುವುದು, ಅವಳು ಪ್ರಯೋಗಶಾಲೆಯ ಒಂದು ಬೆರಗನ್ನು ತೋರಿಸುವುದು, ಹೀಗೊಂದು ಕೊಡುಕೊಳ್ಳುವಿಕೆ ಇಬ್ಬರ ನಡುವೆ ತಾನಾಗಿ ಬೆಳೆದುಬಂದಿತ್ತು.

ಕಪ್ಪು ಪೆಟ್ಟಿಗೆಯೊಳಗೆ ಒಂದು ಗಾಜಿನ ಸೀಸೆ ನಿಂತಿತ್ತು. ಅದರ ತುಂಬ ಮಸುಕು ಹಳದಿಯ ದ್ರವ.

“ಇದೇನು ಮೇಡಂ, ಟೀ ಡಿಕಾಕ್ಷನ್ನಾ?”

“ನಮ್ಮ ತಾಯಲೂರು ತೋಟದ ಹಿಪ್ಪುನೇರಳೆ ಸೊಪ್ಪು. ಬೇಯಿಸಿ, ಸೋಸಿ ಕ್ವಾಂಟಮ್ ಡಾಟ್ ಮಾಡಿದ್ದೀನಿ. ಕಣ್ಣಿಗೆ ಕಾಣದಷ್ಟು ಸಣ್ಣ ಕಣ. ಹುಳ ಸೊಪ್ಪು ತಿಂದು ರೇಷ್ಮೆ ಮಾಡುತ್ತೆ, ನಾನು ಬೆಳಕು ಮಾಡ್ತೀನಿ.”

“ಹುಳಕ್ಕೂ ನಿಮಗೂ ಪೈಪೋಟಿ ಅನ್ನಿ.”

“ಹುಳಾನೇ ವಾಸಿ ಸರ್. ಅದಕ್ಕೆ ಪಿಎಚ್.ಡಿ. ಗೈಡ್ ಕಾಟ ಇಲ್ಲ.”

ಅವಳು ಅತಿನೇರಳೆ ದೀಪದ ಸ್ವಿಚ್ ಒತ್ತಿದಳು. ಮಂಕಾಗಿದ್ದ ದ್ರವ ಒಮ್ಮೆಲೇ ನೀಲಿಯಾಗಿ ಹೊಳೆಯಿತು. ಅಭಿಷೇಕದ ನೀರಿನಲ್ಲಿ ಆಕಾಶವೇ ಕರಗಿದಂತಿತ್ತು. ಆ ನೀಲಿ ಅವಳ ಕೆನ್ನೆಯನ್ನೂ ರೆಪ್ಪೆಯನ್ನೂ ಸವರಿತು.

“ಸರ್, ಹೊಳೀತಾ ಇರೋದು ಈ ಕಡೆ.”

“ಗೊತ್ತು,” ಎಂದನು ಗಂಗಾಧರ. ಆದರೂ ಅವನ ದೃಷ್ಟಿ ಕದಲಲಿಲ್ಲ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

“ಇನ್ನೂ ನೋಡ್ತಾ ಇರಿ. ಅತಿನೇರಳೆ ಬೆಳಕು ಬಿದ್ದಷ್ಟೂ ಮೊದಮೊದಲು ಹೊಳಪು ಹೆಚ್ಚುತ್ತೆ. ಆಮೇಲೆ…”

ತರಗತಿಯ ಗಂಟೆ ಹೊಡೆಯಿತು. ಅವಳು ಪುಸ್ತಕಗಳನ್ನು ಎದೆಗೊತ್ತಿಕೊಂಡು ನಗುತ್ತ ಓಡಿದಳು. ಹೇಳಬೇಕಾದುದರಲ್ಲಿ ಅರ್ಧ ಅವಳಲ್ಲಿಯೇ ಉಳಿಯಿತು.

ಇಬ್ಬರೂ ಬಾಯಿಬಿಟ್ಟು ಆಡದಿದ್ದ ಮಾತಿನ ಭಾರವೆಲ್ಲ ಆ ಸಂಶೋಧನೆಯ ಮೇಲೆಯೇ ನಿಂತಿತ್ತು. ಅವನ ಕುಲ ಬೇರೆ, ಅವಳ ಕುಲ ಬೇರೆ. ಅವಳ ತಂದೆ ವೆಂಕಟರಾಯಪ್ಪ ಮಗಳನ್ನು ಅವಳ ಸೋದರಮಾವ ಅಮರನಾಥನಿಗೆ ಕೊಡಬೇಕೆಂದಿದ್ದವರು. “ಈ ಬೇಸಿಗೆಯೊಳಗೆ ಡಾಕ್ಟರ್ ಆಗಮ್ಮಾ, ಆಮೇಲೆ ನಿನ್ನಿಷ್ಟ. ಆಗಲಿಲ್ವಾ, ನನ್ನಿಷ್ಟ,” ಎಂದು ಮಾತು ಕೊಟ್ಟಿದ್ದರು. ಉಳಿದಿದ್ದುದು ಒಂದೇ ಅಳತೆ. ವರ್ಷವಿಡೀ ಕತ್ತಲಲ್ಲಿ ಮಾಗಿಸಿದ ದ್ರಾವಣಕ್ಕೆ ಅರ್ಧ ಗಂಟೆ ಅತಿನೇರಳೆ ಬೆಳಕು ಕೊಟ್ಟು, ಅದರ ಹೊಳಪು ಎಷ್ಟು ಮಾರ್ಪಟ್ಟಿತೆಂದು ನೋಡಬೇಕಿತ್ತು.

ಆ ಅಳತೆಗೆಂದು ಸೀಸೆಗಳನ್ನೆಲ್ಲ ದೀಪದ ಕೆಳಗಿಟ್ಟ ಹೊತ್ತಿನಲ್ಲೇ ಮನೆಯಿಂದ ಫೋನ್ ಬಂದಿತು. ವೆಂಕಟರಾಯಪ್ಪ ತೋಟದಲ್ಲಿ ಎದೆ ಹಿಡಿದುಕೊಂಡು ಕುಸಿದಿದ್ದರು. ಮುಳಬಾಗಿಲಿನ ಆಸ್ಪತ್ರೆಗೆ ಒಯ್ಯುತ್ತಿದ್ದರು.

“ಸರ್, ಅರ್ಧ ಗಂಟೆ ಆದ್ಮೇಲೆ ಆ ಸ್ವಿಚ್ ಆಫ್ ಮಾಡ್ಬಿಡಿ. ನಿಮ್ಮನ್ನ ಬಿಟ್ರೆ ಯಾರಿಗೂ ಹೇಳೋಕಾಗಲ್ಲ,” ಎಂದು ಓಡಿದಳು.

ಅವನು ಗಡಿಯಾರ ನೋಡುತ್ತ ಕುಳಿತನು. ಸಮಯವಾಯಿತು. ಸ್ವಿಚ್ಚಿನ ಮೇಲೆ ಬೆರಳಿಡುವಷ್ಟರಲ್ಲಿ ಅವಳ ಕರೆ ಬಂದಿತು.

“ಉಸಿರೊಂದು ಇದೆ ಅಷ್ಟೇ ಸರ್. ಡಾಕ್ಟರ್ ಏನೂ ಹೇಳ್ತಿಲ್ಲ. ದೇವರನ್ನ ಕೇಳ್ಕೊಳ್ಳಿ.”

ಬೈರಕೂರಿನ ಶಿವಾಲಯದಲ್ಲಿ ನಂದಾದೀಪಕ್ಕೆ ಎಣ್ಣೆ ಎರೆಯುವುದು ಗಂಗಾಧರನ ಮನೆತನಕ್ಕೆ ತಲೆತಲಾಂತರದಿಂದ ಬಂದ ಸೇವೆ. ಊರಿನಲ್ಲಿ ಯಾವುದಾದರೂ ಜೀವ ಅಳಿವು ಉಳಿವಿನ ನಡುವೆ ತೂಗುತ್ತಿದ್ದರೆ, ಬದುಕಿತೆಂಬ ಸುದ್ದಿ ಬರುವವರೆಗೆ ಕಣ್ಣೆದುರು ಉರಿಯುವ ಯಾವ ದೀಪವನ್ನೂ ಆ ಮನೆಯವರು ತಮ್ಮ ಕೈಯಿಂದ ಆರಿಸುವುದಿಲ್ಲ. ಇದು ವಿದ್ಯುತ್ತಿನ ದೀಪವೆಂದು ಬುದ್ಧಿ ಹೇಳಿತು. ಬೆರಳು ಕೇಳಲಿಲ್ಲ. ಬೆಳಕು ಬಿದ್ದಷ್ಟೂ ಹೊಳಪು ಹೆಚ್ಚುತ್ತದೆಂದು ಅವಳೇ ಹೇಳಿದ್ದಳಲ್ಲವೇ? ಕೇಡೇನು?

ಅವನು ಕೈ ಹಿಂತೆಗೆದು, ಆ ನೀಲಿಯ ಮುಂದೆ ಕಣ್ಣು ಮುಚ್ಚಿ ಕೈ ಮುಗಿದನು. ‘ಈ ಜೀವವೊಂದನ್ನು ಉಳಿಸು ತಂದೆ. ಆ ಮನೆಯಿಂದ ನಾನು ಇನ್ನೇನನ್ನೂ ಬೇಡೆನು.’

ಮರುದಿನ ಮಧ್ಯಾಹ್ನ, ಅವಳ ಅಪ್ಪ ಕಣ್ಣು ಬಿಟ್ಟರೆಂಬ ಸುದ್ದಿ ಬಂದ ಮೇಲೆಯೇ ಅವನು ದೀಪವನ್ನು ಆರಿಸಿದುದು.

ವಾರ ಕಳೆದು ರಂಜಿತ ಬಂದಳು. ಪೆಟ್ಟಿಗೆಯನ್ನು ಬೆಳಗಿಸಿ ನೋಡಿದಳು. ನೀಲಿ ಬತ್ತಿಹೋಗಿತ್ತು, ಬೂದಿ ಕದಡಿದ ನೀರಿನಂಥ ಮಸುಕು ಮಾತ್ರ ಉಳಿದಿತ್ತು.

“ಎಷ್ಟು ಹೊತ್ತು ಉರೀತು ಸರ್ ಇದು?”

“ಮರುದಿನದವರೆಗೂ. ಹೊಳಪು ಹೆಚ್ಚುತ್ತೆ ಅಂದಿದ್ರಲ್ಲ…”

“ಮೊದಲು ಹೆಚ್ಚುತ್ತೆ ಸರ್. ಆಮೇಲೆ ಅದೇ ಬೆಳಕು ಕಣವನ್ನ ಸವೆಸಿಬಿಡುತ್ತೆ. ಅಷ್ಟು ಹೊತ್ತು ತಡ್ಕೊಳ್ಳೋ ಶಕ್ತಿ ಇದಕ್ಕಿಲ್ಲ.” ಅವಳು ಸೀಸೆಯನ್ನು ಮೇಜಿನ ಮೇಲೆ ಕುಕ್ಕಿದಳು. “ಇನ್ನೊಂದು ವರ್ಷ ಮಾಗಿಸ್ಬೇಕು, ಅಪ್ಪ ಕೊಟ್ಟ ಗಡುವು ಮುಗಿದ್ಹೋಗುತ್ತೆ. ಯಾಕೆ ಆರಿಸ್ಲಿಲ್ಲ?”

“ಅಪ್ಪನ ಉಸಿರೊಂದೇ ಇದೆ ಅಂದ್ರಿ. ಆ ಹೊತ್ತಲ್ಲಿ ದೀಪ ಆರಿಸೋಕೆ ನನ್ನ ಕೈ ಬರ್ಲಿಲ್ಲ ರಂಜಿತ.”

ಮೇಡಂ ಎಂಬುದು ಮೊದಲ ಸಲ ಬಿಟ್ಟುಹೋಗಿತ್ತು. ಅವಳ ಕೋಪ ಅಲ್ಲಿಯೇ ಕರಗಿತು. ಕಣ್ಣು ತುಂಬಿ ಬಂದರೂ ತುಟಿಯಂಚಿನಲ್ಲಿ ನಗೆಯೊಂದು ಸುಳಿಯಿತು.

“ಇಷ್ಟು ಪ್ರೀತಿ ಇಟ್ಕೊಂಡು ಇಷ್ಟು ದಿನ ಪದ್ಯ ಮಾತ್ರ ಹೇಳ್ತಿದ್ರಾ?”

“ಧೈರ್ಯ ಇರ್ಲಿಲ್ಲ.”

“ಈಗ ಧೈರ್ಯ ಮಾಡಿ. ಈಗಿನ ಸ್ಥಿತೀಲಿ ನಾನು ಅಪ್ಪನಿಗೆ ಎದುರಾಡಲಾರೆ. ಆದ್ರೆ ನೀವು ಮನೆಗೆ ಬಂದು ಹೆಣ್ಣು ಕೇಳಿದ್ರೆ ನಾನೂ ಹೂಂ ಅಂತೀನಿ. ಒಂದು ಸಲ ಕೇಳಿ.”

ಆ ದಿನ ದೀಪದ ಮುಂದೆ ದೇವರಿಗೆ ಕೊಟ್ಟ ಮಾತನ್ನು ಗಂಗಾಧರ ಅವಳಿಗೆ ತಿಳಿಸಿದನು.

“ದೇವರು ತನ್ನ ಮಾತು ನಡೆಸ್ಬಿಟ್ಟ ರಂಜಿತ. ನನ್ನ ಮಾತು ನಾನು ಹೇಗೆ ಮುರೀಲಿ? ನಾಳೆ ಅವರಿಗೆ ಸಣ್ಣ ಜ್ವರ ಬಂದ್ರೂ ನನ್ನಿಂದ್ಲೇ ಅನ್ಸುತ್ತೆ.”

“ನನ್ನನ್ನ ಕೇಳದೆ ನನ್ನನ್ನ ಕೊಟ್ಬಿಟ್ರಾ?” ಎಂದಳು ಅವಳು, ಮೆಲ್ಲಗೆ.

ಅವಳು ಸೀಸೆಗಳನ್ನು ಒಂದೊಂದಾಗಿ ತೊಳೆದಿಟ್ಟು, ಕೈ ಒರೆಸಿಕೊಂಡು, ಹಿಂದಿರುಗಿ ನೋಡದೆ ಹೊರಟುಹೋದಳು.

ವೈಶಾಖದ ಒಂದು ಬೆಳಿಗ್ಗೆ ವೆಂಕಟರಾಯಪ್ಪನವರೇ ಕಾಲೇಜಿಗೆ ಬಂದರು. ಬಡವಾಗಿದ್ದರು, ಆದರೂ ಮುಖದಲ್ಲಿ ಕಳೆಯಿತ್ತು. ಹಿಂದೆ ಅರಿಶಿನದ ತಟ್ಟೆ ಹಿಡಿದು ರಂಜಿತ ನಿಂತಿದ್ದಳು.

“ಮೇಷ್ಟ್ರೇ, ನಮ್ಮ ಅಮರನಾಥನ ಜೊತೆ ಮಗಳ ಮದುವೆ. ನನಗೋಸ್ಕರ ದೇವರನ್ನ ಕೇಳ್ಕೊಂಡ್ರಂತೆ, ಮಗು ಹೇಳ್ತು. ನೀವು ಬರ್ದಿದ್ರೆ ತಾಳಿ ಕಟ್ಟಿಸಲ್ಲ ನೋಡಿ ನಾಯನಾ!”

ಲಗ್ನಪತ್ರಿಕೆಯನ್ನಿಟ್ಟು ಅವರು ಅವನ ಎರಡೂ ಕೈಗಳನ್ನು ಹಿಡಿದುಕೊಂಡರು. ಮಣ್ಣು ಕೆದಕಿ ಒರಟಾದ ಆ ಅಂಗೈ ಬೆಚ್ಚಗಿತ್ತು. ಹೆಬ್ಬೆರಳ ಬುಡದಲ್ಲಿ ನಾಡಿ ಸಮನಾಗಿ ಮಿಡಿಯುತ್ತಿತ್ತು. ತಾನು ಬೇಡಿದ್ದು ಇದನ್ನೇ. ಅದನ್ನು ಕೈಯಲ್ಲಿ ಹಿಡಿದು, ಸಿಗಬಾರದಿತ್ತೆಂದು ಬಯಸಲು ಅವನಿಂದ ಸಾಧ್ಯವಾಗಲಿಲ್ಲ.

ರಂಜಿತ ನೋಡುತ್ತಿದ್ದಳು.

“ಬರ್ತೀನಿ,” ಎಂದನು ಗಂಗಾಧರ. “ಖಂಡಿತ ಬರ್ತೀನಿ.”