ಚಿಗುರಿ ಹಾವಿಗೆ ಮೂರು ಮದ್ದು

ಬಹಳ ಹಿಂದೆ, ಗುಡ್ಡಗಳು ಇನ್ನೂ ಎದ್ದು ತಿರುಗಾಡುತ್ತಿದ್ದ ಕಾಲದಲ್ಲಿ, ಹೊಂಗೆಪುರವೆಂಬ ರಾಜ್ಯವಿತ್ತು. ಅಲ್ಲಿ ಈರಬೊಮ್ಮನೆಂಬ ಕುಂಬಾರನಿದ್ದ. ಅವನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ಚಿಗುರಿ ಎಂಬ ಕೇರೆ ಹಾವಿತ್ತು. ಅವನು ತಿಗರಿ ತಿರುಗಿಸುವಾಗ ಅದು ಪಕ್ಕದಲ್ಲೇ ಸುರುಳಿ ಸುತ್ತಿ ಕೂತಿರುತ್ತಿತ್ತು. ಆಗಾಗ ನಾಲ್ಕು ದಿನ ಬೇಲಿಯೊಳಗೆ ಮಾಯವಾಗಿ, ಥಳಥಳ ಹೊಳೆಯುತ್ತ ಮರಳುತ್ತಿತ್ತು. ನೆಂಟರ ಮನೆಗೆ ಹೋಗಿ ಬಂತು ಎಂದುಕೊಳ್ಳುತ್ತಿದ್ದ ಈರಬೊಮ್ಮ. ಅವನ ಬುದ್ಧಿ ಅಷ್ಟೇ. ಆದರೆ ಪ್ರೀತಿ ದೊಡ್ಡದು.

ಒಂದು ಬೇಸಿಗೆಯಲ್ಲಿ ಬೇಲಿಯೆಲ್ಲ ಒಣಗಿಹೋಯಿತು. ಚಿಗುರಿ ಎಲ್ಲಿಗೂ ಹೋಗಲಿಲ್ಲ. ಅದರ ಕಣ್ಣು ಹಾಲು ಬೆರೆಸಿದಂತೆ ಮಸುಕಾಯಿತು, ಮೈ ಬೂದಿಬಣ್ಣಕ್ಕೆ ತಿರುಗಿತು, ಮುಂದೆ ಓಡಿದ ಇಲಿಯನ್ನೂ ಕಣ್ಣೆತ್ತಿ ನೋಡಲಿಲ್ಲ. ಈರಬೊಮ್ಮ ಹೆದರಿಹೋದ.

ಅದಕ್ಕೆ ಕಾರಣವಿತ್ತು. ಮೂರು ದಿನದಲ್ಲಿ ವಾಸಿಯಾಗದ ಪ್ರಾಣಿಯೆಲ್ಲ ತನ್ನ ಪಂಜರಕ್ಕೆ ಎಂದು ಕಲಹಕೇತುವೆಂಬ ಮಾಂತ್ರಿಕನೊಬ್ಬ ರಾಜನಿಂದ ಬರೆಸಿಕೊಂಡಿದ್ದ. ಬರೆಸಿಕೊಂಡವನೇ ರಾಜ್ಯದ ಮೂವರು ಪಶುವೈದ್ಯರ ಮೇಲೆ ಮಂತ್ರ ಹಾಕಿದ: ಒಬ್ಬರು ಹೇಳಿದ ಮದ್ದನ್ನು ಇನ್ನೊಬ್ಬರು ಹೇಳಕೂಡದು. ಮೂವರ ಬಾಯಲ್ಲೂ ಒಂದೇ ಮಾತು ಬಂದ ದಿನ ಮಂತ್ರ ಮುರಿಯುತ್ತದೆಂದು ಊರಿಗೆಲ್ಲ ಗೊತ್ತಿತ್ತು. ಹನ್ನೆರಡು ವರ್ಷವಾದರೂ ಬಂದಿರಲಿಲ್ಲ.

ಮೊದಲ ದಿನ ಈರಬೊಮ್ಮ ಚಿಗುರಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಮೊದಲ ವೈದ್ಯನ ಮನೆಗೆ ಹೋದ. ಬಾಗಿಲಲ್ಲಿ ಬೆಂಕಿಯುಗುಳುವ ಎತ್ತು ನಿಂತಿತ್ತು. ಅದಕ್ಕೆ ಒಂದು ಕೊಡ ನೀರು ಕುಡಿಸಿ ಒಳಗೆ ಹೋದ. ಇದಕ್ಕೆ ಶೀತವಾಗಿದೆ, ಬಿಸಿಯಲ್ಲಿಡು ಎಂದ ವೈದ್ಯ. ಈರಬೊಮ್ಮ ಹಾವನ್ನು ಮಡಕೆ ಸುಡುವ ಆವಿಗೆಯ ಪಕ್ಕ ಇಟ್ಟ. ಅದರ ಮೈ ಬಿಗಿದು ಸುಕ್ಕಾಯಿತು.

ಎರಡನೆಯ ವೈದ್ಯನ ಮನೆ ಕೆರೆಯ ತಳದಲ್ಲಿತ್ತು. ಮರುದಿನ ಈರಬೊಮ್ಮ ದೊಡ್ಡ ಮಡಕೆಯೊಂದನ್ನು ತಲೆಗೆ ಕವುಚಿಕೊಂಡು, ಬುಟ್ಟಿಯನ್ನೂ ಅದರೊಳಗೇ ಹಿಡಿದು ಇಳಿದ. ಬಿಸಿ ಎಂದವನು ಕತ್ತೆ, ಇದು ಉಷ್ಣ, ನೀರಲ್ಲಿ ಮುಳುಗಿಸಿಡು ಎಂದ ಆ ವೈದ್ಯ. ಹಾಗೇ ಮಾಡಿದ. ಚಿಗುರಿ ಹಗ್ಗದ ಹಾಗೆ ಜೋತುಬಿತ್ತು.

ಮೂರನೆಯವನ ಮನೆ ನಡೆದಾಡುವ ಗುಡ್ಡದ ಬೆನ್ನ ಮೇಲೆ. ಮೂರನೆಯ ದಿನ ಗುಡ್ಡ ದಣಿದು ಕೂತಾಗ ಈರಬೊಮ್ಮ ಹತ್ತಿದ. ಬಿಸಿಯೂ ಬೇಡ ನೀರೂ ಬೇಡ, ಮೈ ತಿಕ್ಕು, ಬಾಯಿ ಬಿಡಿಸಿ ಹಾಲು ಹುಯ್ಯಿ ಎಂಬುದು ಅವನ ಮದ್ದು. ಮನೆಗೆ ಬಂದು ಒಂದು ಸಲ ತಿಕ್ಕಿದ್ದೇ ತಡ, ಎಂದೂ ಬುಸುಗುಟ್ಟದ ಚಿಗುರಿ ಬುಸ್ಸೆಂದಿತು. ಈರಬೊಮ್ಮ ಕೈ ತೆಗೆದು ಅತ್ತುಬಿಟ್ಟ.

ಅಳುತ್ತಲೇ ಅವನ ಕಣ್ಣು ಮೂಲೆಯಲ್ಲಿದ್ದ ಹಸಿ ಮಡಕೆಗಳ ಮೇಲೆ ಬಿತ್ತು. ಹಸಿ ಮಡಕೆ ಬಿಸಿಲಿಗಿಟ್ಟರೆ ಬಿರಿಯುತ್ತದೆ, ನೀರು ಸುರಿದರೆ ಕುಸಿಯುತ್ತದೆ, ಮುಟ್ಟುತ್ತಿದ್ದರೆ ಸೊಟ್ಟಗಾಗುತ್ತದೆ. ನೆರಳಲ್ಲಿಟ್ಟು, ಒದ್ದೆ ಗೋಣಿ ಹೊದಿಸಿ, ಸುಮ್ಮನಿರಬೇಕು. ಇಷ್ಟು ಗೊತ್ತಿದ್ದೂ ಮೂರು ದಿನ ಏನು ಮಾಡಿದೆ ಎಂದು ತಲೆ ಚಚ್ಚಿಕೊಂಡ. ಚಿಗುರಿಯನ್ನು ಒರಟು ಬಾಯಿಯ ಹಳೆ ಗುಡಾಣದಲ್ಲಿ ಮಲಗಿಸಿ, ಒದ್ದೆ ಗೋಣಿ ಹೊದಿಸಿ, ಯಾರೂ ಮುಟ್ಟದಂತೆ ಅಡ್ಡ ಕೂತ.

ಸಂಜೆಗೆ ಮೂವರು ವೈದ್ಯರೂ ತಮ್ಮ ತಮ್ಮ ಮದ್ದಿನ ಹಿರಿಮೆ ನೋಡಲು ಬಂದರು. ಬಂದವರೇ ಜಗಳಕ್ಕೆ ನಿಂತರು. ಹಿಂದೆಯೇ ಕಲಹಕೇತು ಪಂಜರ ಹೊತ್ತು ಬಂದ.

“ಹೊತ್ತು ಮುಳುಗುತ್ತಿದೆ ಕುಂಬಾರ, ಹಾವು ಕೊಡು,” ಎಂದ.

ಈರಬೊಮ್ಮ ಗುಡಾಣ ಬಿಟ್ಟು ಏಳಲಿಲ್ಲ. ವೈದ್ಯರಿಗೆ ಕೈಮುಗಿದ.

“ಸ್ವಾಮಿ, ಮದ್ದು ಬೇಡ, ಅದನ್ನು ಕೇಳೋದಿಲ್ಲ. ಇದನ್ನು ಮಗು ಥರ ಸಾಕಿದೀನಿ. ಎದೆ ಮುಟ್ಟಿಕೊಂಡು ಹೇಳಿ, ಇದಕ್ಕೆ ಏನಾಗಿದೆ ಅಂತ ನಿಮಗೆ ಗೊತ್ತಾ?”

ಹನ್ನೆರಡು ವರ್ಷದಲ್ಲಿ ಅವರನ್ನು ಯಾರೂ ಹೀಗೆ ಕೇಳಿರಲಿಲ್ಲ. ಮೂವರೂ ಎದೆ ಮುಟ್ಟಿಕೊಂಡರು. ಆಮೇಲೆ ಮೂವರ ಬಾಯಿಂದಲೂ ಒಟ್ಟಿಗೇ ಬಂತು:

“ಗೊತ್ತಿಲ್ಲಪ್ಪ.”

ಪಂಜರ ಪುಡಿಪುಡಿಯಾಯಿತು. ದೂರದಲ್ಲಿ ಮಾಂತ್ರಿಕನ ಕೋಟೆ ಬಾಯ್ಬಿಟ್ಟು, ಕುರಿ ಕುದುರೆ ನವಿಲುಗಳೆಲ್ಲ ತಮ್ಮ ತಮ್ಮ ಮನೆಗೆ ಓಡಿದವು. ಕಲಹಕೇತು ಅವುಗಳಿಗಿಂತ ಮುಂದೆ ಓಡಿದ, ಇನ್ನೂ ಓಡುತ್ತಲೇ ಇದ್ದಾನೆ. ಅಷ್ಟರಲ್ಲಿ ಗೋಣಿ ಅಲುಗಿತು. ಗುಡಾಣದ ಒರಟು ಅಂಚಿಗೆ ಮೂತಿ ಉಜ್ಜುತ್ತ, ಹಳೆ ಪೊರೆಯನ್ನು ಉದ್ದಕ್ಕೂ ಕಳಚಿ ಬಿಟ್ಟು, ಚಿಗುರಿ ಥಳಥಳ ಹೊಳೆಯುತ್ತ ಹೊರಬಂತು. ಬೇಲಿಯೊಳಗಿನ ನೆಂಟರ ಮನೆ ಯಾವುದೆಂದು ಈರಬೊಮ್ಮನಿಗೆ ಅಂದು ತಿಳಿಯಿತು.

ಆಮೇಲೆ ಆ ರಾಜ್ಯದಲ್ಲಿ ಮನುಷ್ಯರೂ ಮೃಗಗಳೂ ಹೊಟ್ಟೆತುಂಬ ಉಂಡು ನೆಮ್ಮದಿಯಾಗಿದ್ದರು. ಯಾರು ಯಾವ ಪ್ರಾಣಿ ತಂದರೂ ಮೂವರು ವೈದ್ಯರು ಮೊದಲು ಗೊತ್ತಿಲ್ಲ ಎನ್ನುತ್ತಿದ್ದರು. ಆಮೇಲೆ ಈರಬೊಮ್ಮನ ಜಗಲಿಯಲ್ಲಿ ಕೂತು, ಒಟ್ಟಿಗೆ ಯೋಚಿಸುತ್ತಿದ್ದರು.